ಸೆಕೆಂಡ್ ಅಂಡ್ 26: ಕವರೇಜ್ ಎಲ್ಲಿ ಕೈಕೊಟ್ಟಿತು, ಹುಡುಕುವುದು ಹೇಗೆ

ಲಕ್ಷಣ

2018ರ ಜನವರಿ 8, ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಸ್ಟೇಡಿಯಂ. ಅಮೆರಿಕನ್ ಕಾಲೇಜ್ ಫುಟ್‌ಬಾಲ್‌ನ ರಾಷ್ಟ್ರೀಯ ಫೈನಲ್ ಓವರ್‌ಟೈಮ್‌ಗೆ ಹೋಗಿದೆ. ಜಾರ್ಜಿಯಾ 23, ಅಲಬಾಮಾ 20. ಚೆಂಡು ಅಲಬಾಮಾ ಕೈಯಲ್ಲಿ, 41 ಗಜದ ಗೆರೆಯ ಮೇಲೆ. ಸೆಕೆಂಡ್ ಡೌನ್, ಅಂದರೆ ನಾಲ್ಕು ಪ್ರಯತ್ನಗಳಲ್ಲಿ ಎರಡನೆಯದು; ಹೊಸದಾಗಿ ನಾಲ್ಕು ಪ್ರಯತ್ನ ಸಿಗಲು ಬೇಕಾದದ್ದು 26 ಗಜ. ಅಲಬಾಮಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಟುವಾ ಟಾಗೊವೈಲೋವಾ ಎಡಗೈಯಿಂದ ಎಡ ಸೈಡ್‌ಲೈನ್ ಉದ್ದಕ್ಕೂ ಎಸೆದ. ರಿಸೀವರ್ (ಮುಂದೆ ಓಡಿ ಚೆಂಡು ಹಿಡಿಯುವವನು) ಡೆವೊಂಟಾ ಸ್ಮಿತ್ ಗೋಲ್ ಲೈನ್ ಹತ್ತಿರ ಹಿಡಿದ. ಚೆಂಡಿಗೆ ಕೈ ಹಾಕುವಷ್ಟು ಹತ್ತಿರದಲ್ಲಿ ಜಾರ್ಜಿಯಾದವರು ಯಾರೂ ಇರಲಿಲ್ಲ. ಟಚ್‌ಡೌನ್, ಆರು ಅಂಕ. 26-23. ಪಂದ್ಯ ಮುಗಿಯಿತು.

ನೋಡಿದವರ ಬಾಯಲ್ಲಿ ಮೊದಲು ಬರುವ ಮಾತು, "ಆ ಸೇಫ್ಟಿ ಎಲ್ಲಿಗೆ ಹೋಗಿದ್ದ?" ಸೇಫ್ಟಿ ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಕಾಯುವವನು, ಕವರೇಜ್ ಅಂದರೆ ಆ ಕಾವಲಿನ ಏರ್ಪಾಡು. ಪ್ರಶ್ನೆ ತಪ್ಪಲ್ಲ. ಆದರೆ ಅಲ್ಲಿಂದಲೇ ಶುರು ಮಾಡಿದರೆ ಉತ್ತರ ಅರ್ಧ ಮಾತ್ರ ಸಿಗುತ್ತದೆ. ಪಂಪ್‌ಸೆಟ್‌ನಲ್ಲಿ ನೀರು ಬರದಿದ್ದರೆ ಯಾರೂ ಪೈಪಿನ ಬಾಯಿ ನೋಡುತ್ತಾ ಕೂರುವುದಿಲ್ಲ. ಫ್ಯೂಸ್, ಸ್ಟಾರ್ಟರ್, ಫುಟ್‌ವಾಲ್ವ್ ಅಂತ ಒಂದೊಂದಾಗಿ ನೋಡುತ್ತಾ ಹೋಗುತ್ತಾರೆ. ಇಲ್ಲೂ ಹಾಗೆಯೇ. ಚೆಂಡು ಹಿಡಿದ ಜಾಗದಲ್ಲಿ ಕಾಣುವುದು ಪರಿಣಾಮ. ದೋಷ ಅದಕ್ಕಿಂತ ಮೂರ್ನಾಲ್ಕು ಸೆಕೆಂಡ್ ಮೊದಲೇ ಹುಟ್ಟಿರುತ್ತದೆ.

ಈ ಆಟವನ್ನು ನಾನು ಎಷ್ಟು ಸಲ ಹಿಂದೆ ಮುಂದೆ ಓಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಹಾಗೆ ನೋಡುತ್ತಾ ಕಲಿತ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿದ್ದು ಶನಿವಾರ ಶನಿವಾರ ಕಾಲೇಜ್ ಆಟ ನೋಡುವ ನಮ್ಮವರಿಗೂ, ಮಗನೋ ಮಗಳೋ ಶಾಲೆಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಆಡುತ್ತಿದ್ದರೆ ಅವರಿಗೂ ಇದು ಉಪಯೋಗಕ್ಕೆ ಬರಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಆಟದಲ್ಲಿದ್ದ ಜಾರ್ಜಿಯಾದ ಕಾವಲುಗಾರರ ಹೆಸರನ್ನು ನಾನು ಬರೆಯುವುದಿಲ್ಲ. ಕಾರ್ನರ್ (ಅಂಚಿನ ರಿಸೀವರ್ ಎದುರು ನಿಲ್ಲುವವನು), ಸೇಫ್ಟಿ ಅಂತಲೇ ಕರೆಯುತ್ತೇನೆ. ಅವರು ಕಾಲೇಜಿನ ಹುಡುಗರು. ನಾವು ಹುಡುಕುತ್ತಿರುವುದು ಯಾವ ಕೆಲಸ ಆಗಲಿಲ್ಲ ಅನ್ನುವುದನ್ನು. ಅದಕ್ಕೆ ಹೆಸರು ಬೇಕಿಲ್ಲ.

ರೆಕಾರ್ಡಿಂಗ್ ನೋಡುವ ಬಗೆ

ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಹಾಗಾಗಿ ನಮಗೆ ಬೇಕಾದ ಸೇಫ್ಟಿ ಬಹಳ ಹೊತ್ತು ಪರದೆಯಲ್ಲೇ ಇರುವುದಿಲ್ಲ. ಕೊನೆಗೆ ಓಡಿಬರುತ್ತಾ ಕಾಣಿಸಿಕೊಳ್ಳುತ್ತಾನೆ, "ತಡವಾಗಿ ಬಂದ" ಅನ್ನಿಸುತ್ತದೆ. ಎಲ್ಲಿಂದ ಹೊರಟ ಅನ್ನುವುದು ಗೊತ್ತಾಗದೆ ತಡ ಅಂತ ಹೇಳುವುದು ಹೇಗೆ? ಮೇಲಿನಿಂದ 22 ಜನರೂ ಕಾಣುವ ಕೋನದ ವಿಡಿಯೋ ಸಿಕ್ಕರೆ ಅದನ್ನೇ ನೋಡಿ.

ನಾಲ್ಕು ಕಡೆ ನಿಲ್ಲಿಸಿ. ಸ್ನ್ಯಾಪ್‌ಗೆ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಕ್ಷಣಕ್ಕೆ, ಸರಿಯಾಗಿ ಮುಂಚೆ ಒಂದು ಸಲ. ರಿಸೀವರ್ ಕಾರ್ನರ್‌ನನ್ನು ದಾಟುವಾಗ ಇನ್ನೊಂದು ಸಲ. ಚೆಂಡು ಕ್ವಾರ್ಟರ್‌ಬ್ಯಾಕ್ ಕೈ ಬಿಡುವಾಗ ಮೂರನೇ ಸಲ. ಹಿಡಿಯುವಾಗ ನಾಲ್ಕನೇ ಸಲ. ಮೊದಲ ಮೂರನ್ನು ಸರಿಯಾಗಿ ನೋಡಿ ಮುಗಿಸುವವರೆಗೆ ನಾಲ್ಕನೆಯದಕ್ಕೆ ಹೋಗಬೇಡಿ. ಇದು ಕಷ್ಟ, ನನಗೆ ಗೊತ್ತು. ಕಣ್ಣು ಕ್ಯಾಚ್ ಕಡೆಗೇ ಎಳೆಯುತ್ತದೆ.

ಯಾವ ಕವರೇಜ್ ಇತ್ತು?

ಮೊದಲ ನಿಲುಗಡೆಯಲ್ಲಿ ಆಳದಲ್ಲಿ, ಅಂದರೆ ಕಾವಲಿನ ಎಲ್ಲಕ್ಕಿಂತ ಹಿಂದೆ, ಎಷ್ಟು ಜನ ನಿಂತಿದ್ದಾರೆ ಎಣಿಸಿ. ಕವರ್ ಪಕ್ಕದ ಅಂಕೆ ಆಟ ಶುರುವಾದ ಮೇಲೆ ಆಳ ಕಾಯುವವರ ಸಂಖ್ಯೆ. ಒಬ್ಬನೇ ಇದ್ದರೆ ಸಾಮಾನ್ಯವಾಗಿ ಕವರ್ 1 ಅಥವಾ ಕವರ್ 3. ಇಬ್ಬರಿದ್ದರೆ ಕವರ್ 2 ಇರಬಹುದು, ಕವರ್ 4 ಇರಬಹುದು. ಇಲ್ಲಿ ಇಬ್ಬರು. ಇನ್ನು ಕಾರ್ನರ್ ನೋಡಿ. ರಿಸೀವರ್ ದಾಟಿ ಹೋದಾಗ ಅವನ ಜೊತೆಗೇ ಓಡಿದರೆ ಅದು ಕವರ್ 4 ಅಥವಾ ಒಬ್ಬರಿಗೊಬ್ಬರು ಕಾಯುವ ಮ್ಯಾನ್ ಕವರೇಜ್. ಅವನನ್ನು ಹಿಂದಿನವರಿಗೆ ಒಪ್ಪಿಸಿ ತಾನು ಮುಂದಿನ ಜಾಗ ಕಾಯುತ್ತಾ ಉಳಿದರೆ ಕವರ್ 2. ಜಾರ್ಜಿಯಾ ಆಡಿದ್ದು ಕವರ್ 2.

ಕವರ್ 2 ಅಂದರೆ ಮೈದಾನದ ಆಳವನ್ನು ಇಬ್ಬರು ಸೇಫ್ಟಿಗಳು ಅರ್ಧರ್ಧ ಹಂಚಿಕೊಳ್ಳುವುದು. ಮೈದಾನದ ಅಗಲ 160 ಅಡಿ, ಅಂದರೆ 53 ಗಜ ಮತ್ತು ಒಂದು ಅಡಿ. ಒಬ್ಬೊಬ್ಬನ ಪಾಲಿಗೆ ಹೆಚ್ಚು ಕಡಿಮೆ 27 ಗಜ. ಸಣ್ಣ ಜಾಗವಲ್ಲ. ಒಂದು ಕ್ರಿಕೆಟ್ ಪಿಚ್‌ನ ಉದ್ದಕ್ಕಿಂತ ಜಾಸ್ತಿ, ಅದೂ ಅಡ್ಡಕ್ಕೆ, ಹಿಂದಕ್ಕೆ ಓಡುತ್ತಾ.

ಅಲಬಾಮಾ ಓಡಿದ್ದು ನಾಲ್ಕು ವರ್ಟಿಕಲ್. ನಾಲ್ಕು ರಿಸೀವರ್‌ಗಳು ನೇರ ಮುಂದಕ್ಕೆ. ಅಲಬಾಮಾ ತಂಡದಲ್ಲಿ ಈ ಆಟದ ಹೆಸರು 'ಸಿಯಾಟಲ್'. ಆಳದಲ್ಲಿ ಇಬ್ಬರು, ಓಡುವವರು ನಾಲ್ವರು. ಲೆಕ್ಕ ಅಲ್ಲೇ ಬಿಗಿಯಾಗುತ್ತದೆ.

ಇದೇನೂ ಗುಟ್ಟಿನ ದೌರ್ಬಲ್ಯವಲ್ಲ. ಕವರ್ 2ಕ್ಕೆ ಎರಡು ಕಡೆ ಬಿರುಕು ಇದೆ ಅಂತ ಎಲ್ಲ ಕೋಚ್‌ಗಳಿಗೂ ಗೊತ್ತು. ಒಂದು, ಇಬ್ಬರು ಸೇಫ್ಟಿಗಳ ನಡುವಿನ ಆಳ. ಇನ್ನೊಂದು, ಕಾರ್ನರ್‌ನ ಬೆನ್ನ ಹಿಂದೆ ಸೈಡ್‌ಲೈನ್ ಪಕ್ಕ. ಅದರಲ್ಲೂ ಜಾರ್ಜಿಯಾದ ಕೋಚ್ ಕರ್ಬಿ ಸ್ಮಾರ್ಟ್ ಅವರು ಅಲಬಾಮಾದಲ್ಲಿ ಆಗಿನ ಕೋಚ್ ನಿಕ್ ಸೇಬನ್ ಅವರ ಕೈಕೆಳಗೆ ವರ್ಷಗಟ್ಟಲೆ ಡಿಫೆನ್ಸ್ ನಡೆಸಿದವರು. ಎರಡೂ ಕಡೆಯವರಿಗೆ ಈ ಬಿರುಕುಗಳು ಅಂಗೈ ಗೆರೆಯಷ್ಟು ಪರಿಚಿತ. ಬಿರುಕು ಮುಚ್ಚುವುದಕ್ಕೆ ನಾಲ್ಕು ಕೆಲಸ ಒಟ್ಟಿಗೆ ಆಗಬೇಕು. ಮುಂದಿನವರು ನುಗ್ಗಿ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವ ಸಮಯ ಕಡಿಮೆ ಮಾಡಬೇಕು. ಕಾರ್ನರ್ ರಿಸೀವರ್‌ನನ್ನು ತಡೆದು ತಡ ಮಾಡಿಸಬೇಕು. ಲೈನ್‌ಬ್ಯಾಕರ್ (ನುಗ್ಗುವವರಿಗೂ ಸೇಫ್ಟಿಗಳಿಗೂ ನಡುವೆ ನಿಲ್ಲುವವನು) ನಡುವಿನ ಓಟಗಾರನ ಜೊತೆ ಹಿಂದಕ್ಕೆ ಹೋಗಬೇಕು. ಸೇಫ್ಟಿ ಅಗಲ ಕಾಪಾಡಬೇಕು. ಒಂದು ತಪ್ಪಿದರೆ ಉಳಿದ ಮೂರು ಹೇಗೋ ನಿಭಾಯಿಸುತ್ತವೆ. ಎರಡು ಒಟ್ಟಿಗೆ ತಪ್ಪಿದರೆ ಚೆಂಡು ಆಚೆ ಹೋಯಿತು ಅಂತಲೇ.

ಪರೀಕ್ಷೆ 1: ನುಗ್ಗುವವರು

ಸ್ನ್ಯಾಪ್‌ನಿಂದ ಚೆಂಡು ಕೈ ಬಿಡುವವರೆಗೆ ಸೆಕೆಂಡ್ ಎಣಿಸಿ. ನಾಲ್ಕು ವರ್ಟಿಕಲ್ ಬೇಗ ಮುಗಿಯುವ ಆಟವಲ್ಲ. ರಿಸೀವರ್‌ಗಳು ಆಳಕ್ಕೆ ಹೋಗಲು ಸಮಯ ಬೇಕು. ಹಿಂದಿನ ಆಟದಲ್ಲಿ ಜಾರ್ಜಿಯಾ ಟುವಾನನ್ನು ಹಿಡಿದು 16 ಗಜ ಹಿಂದಕ್ಕೆ ಕೆಡವಿತ್ತು. 25ರಿಂದ ಶುರುವಾಗಿದ್ದ ಅಲಬಾಮಾ 41ಕ್ಕೆ ಬಂದದ್ದು ಹಾಗೆ. ಈ ಆಟದಲ್ಲಿ ಮಾತ್ರ ಅವನಿಗೆ ಒಂದು ಕಡೆ ನೋಡಿ, ತಿರುಗಿ, ಇನ್ನೊಂದು ಕಡೆ ಎಸೆಯುವಷ್ಟು ಸಮಯ ಸಿಕ್ಕಿತು.

ಆದರೂ ಇದನ್ನು ನಾನು ಮೂಲ ದೋಷ ಅನ್ನುವುದಿಲ್ಲ. ಪ್ರತಿ ಸಲ ಕ್ವಾರ್ಟರ್‌ಬ್ಯಾಕ್ ಸಿಗುವುದಿಲ್ಲ. ಅವನು ಎಸೆದೇ ಎಸೆಯುತ್ತಾನೆ ಅಂತ ಇಟ್ಟುಕೊಂಡೇ ಕವರೇಜ್ ಕಟ್ಟಿರುತ್ತಾರೆ. ನುಗ್ಗುವಿಕೆಯನ್ನೇ ಅನುಮಾನಿಸಬೇಕಾದ ಪ್ರಕರಣ ಬೇರೆ ಇದೆ. 2023ರ ನವೆಂಬರ್ 25, ಆಬರ್ನ್‌ನ ಮೈದಾನ. ಅಲಬಾಮಾಗೆ ಫೋರ್ತ್ ಡೌನ್, ಗೋಲ್ 31 ಗಜ ದೂರ. ಆಬರ್ನ್ ಇಬ್ಬರನ್ನು ಮಾತ್ರ ನುಗ್ಗಿಸಿತು. ಜೇಲೆನ್ ಮಿಲ್ರೋ ಸಾವಕಾಶವಾಗಿ ನಿಂತು ನೋಡಿ, ಎಂಡ್ ಝೋನ್ (ಗೋಲ್ ಲೈನ್ ಆಚೆಯ ಜಾಗ) ಮೂಲೆಯಲ್ಲಿದ್ದ ಐಸಾಯ ಬಾಂಡ್‌ಗೆ ಎಸೆದ. ಅಲಬಾಮಾ 27-24ರಿಂದ ಗೆದ್ದಿತು. ಹಿಂದೆ ಎಷ್ಟು ಜನ ಕಾದರೂ ಮುಂದೆ ಒತ್ತಡವೇ ಇಲ್ಲದಿದ್ದರೆ ಯಾರಾದರೂ ಒಬ್ಬ ಬಿಡುವಾಗಿ ಸಿಗುತ್ತಾನೆ. ಅಲ್ಲಿ ಪರೀಕ್ಷೆ 1ರಲ್ಲೇ ಉತ್ತರದ ದೊಡ್ಡ ಪಾಲು ಸಿಗುತ್ತದೆ. ಅಟ್ಲಾಂಟಾದಲ್ಲಿ ಹಾಗಲ್ಲ. ಮುಂದೆ ಹೋಗಿ.

ಪರೀಕ್ಷೆ 2: ಕಾರ್ನರ್

ಎರಡನೇ ನಿಲುಗಡೆಗೆ ಬನ್ನಿ. ಕವರ್ 2ರಲ್ಲಿ ಕಾರ್ನರ್‌ನ ಮೊದಲ ಕೆಲಸ ಕೈ ಬಳಸಿ ರಿಸೀವರ್‌ನ ಓಟ ಕೆಡಿಸುವುದು. ಸೈಡ್‌ಲೈನ್ ಕಡೆ ದಾರಿ ಮುಚ್ಚಿ ಅವನನ್ನು ಒಳಕ್ಕೆ, ಸೇಫ್ಟಿ ಇರುವ ಕಡೆಗೆ ತಳ್ಳುವುದು. ಅರ್ಧ ಸೆಕೆಂಡ್ ತಡ ಮಾಡಿಸಿದರೂ ಸಾಕು. ಇಲ್ಲಿ ಸ್ಮಿತ್ ದೊಡ್ಡ ಪೆಟ್ಟೇನೂ ತಿನ್ನದೆ ದಾಟಿಹೋದ. ಕಾರ್ನರ್ ಅವನನ್ನು ಹಿಂದಿನವರಿಗೆ ಬಿಟ್ಟು ಮುಂದಿನ ಜಾಗ ನೋಡಿದ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. "26 ಗಜ ಬೇಕಾಗಿರುವಾಗ ಮುಂದಿನ ಜಾಗ ಕಾಯುವುದೇಕೆ? ಎಲ್ಲರೂ ಹಿಂದೆ ಹೋಗಬಾರದಿತ್ತಾ?" ಅಂತ ಕೇಳುವವರು ಬಹಳ. ಸ್ಕೋರ್ ನೋಡಿ. ಅಲಬಾಮಾ ಹಿಂದೆ ಇದ್ದದ್ದು ಮೂರೇ ಅಂಕ. ಒಂದು ಫೀಲ್ಡ್ ಗೋಲ್ ಹೊಡೆದರೆ, ಅಂದರೆ ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದರೆ, ಮೂರು ಅಂಕ ಸಿಕ್ಕಿ ಸಮ. 41ರ ಗೆರೆಯಿಂದ ಒದೆಯುವುದೆಂದರೆ, ಗೆರೆಯ ಹಿಂದೆ ಚೆಂಡು ಇಡುವ ದೂರ, ಗೋಲ್ ಲೈನ್ ಆಚೆ ಕಂಬದವರೆಗಿನ ದೂರ ಎರಡೂ ಕೂಡಿದ 17 ಗಜ ಸೇರಿ 58 ಗಜದ ಒದೆತ. ಬಹಳ ದೂರ. ಆದರೆ ಒಂದು ಸಣ್ಣ ಪಾಸ್‌ನಲ್ಲಿ 12 ಗಜ ಸಿಕ್ಕಿದರೆ ಅದೇ 46 ಗಜ ಆಗುತ್ತದೆ. ಹಾಗಾಗಿ ಜಾರ್ಜಿಯಾಗೆ ಮುಂದಿನ 10-15 ಗಜವೂ ಬೆಲೆಯುಳ್ಳದ್ದೇ. ಕಾರ್ನರ್ ಮುಂದೆ ಉಳಿದದ್ದು ದಡ್ಡತನವಲ್ಲ. ಅವನಿಗೆ ಒಪ್ಪಿಸಿದ್ದ ಕೆಲಸವೇ ಅದು.

ಅವನ ಕೆಲಸದಲ್ಲಿ ಆಗದೆ ಉಳಿದದ್ದು ಮೊದಲ ಅರ್ಧ. ತಡೆ ಸಡಿಲವಾಯಿತು. ತಡೆ ಸಡಿಲವಾದಾಗ ಸೇಫ್ಟಿಯ ಲೆಕ್ಕವೆಲ್ಲ ಅರ್ಧ ಸೆಕೆಂಡ್ ಹಿಂದೆ ಬೀಳುತ್ತದೆ. ಇದನ್ನು ಸಹಕಾರಿ ದೋಷ ಅಂತ ಬರೆದುಕೊಳ್ಳಿ.

ಪರೀಕ್ಷೆ 3: ಸೇಫ್ಟಿಯ ಅಗಲ

ಮೂರನೇ ನಿಲುಗಡೆ. ಚೆಂಡು ಟುವಾನ ಕೈ ಬಿಡುತ್ತಿದೆ. ಈಗ ಚೆಂಡನ್ನು ನೋಡಬೇಡಿ. ಆ ಬದಿಯ ಸೇಫ್ಟಿ ಹ್ಯಾಶ್ ಗೆರೆಯ ಒಳಗಿದ್ದಾನಾ, ಹೊರಗಿದ್ದಾನಾ ನೋಡಿ. ನನಗೆ ಈ ಇಡೀ ಆಟದಲ್ಲಿ ಅತ್ಯಂತ ಮುಖ್ಯವಾದ ಕ್ಷಣ ಇದು.

ಕಾಲೇಜ್ ಮೈದಾನದಲ್ಲಿ ಹ್ಯಾಶ್ ಗೆರೆ ಸೈಡ್‌ಲೈನ್‌ನಿಂದ 20 ಗಜ ಒಳಗಿರುತ್ತದೆ. ಸ್ಮಿತ್ ಸೈಡ್‌ಲೈನ್‌ನಿಂದ ನಾಲ್ಕೈದು ಗಜ ಒಳಗೆ ಓಡುತ್ತಿದ್ದಾನೆ ಅಂತ ಇಟ್ಟುಕೊಳ್ಳಿ. ಹ್ಯಾಶ್ ಹತ್ತಿರ ಇರುವ ಸೇಫ್ಟಿಗೆ ಅಡ್ಡಕ್ಕೇ 15 ಗಜ ದಾರಿ. ಒಳ್ಳೆಯ ಓಟಗಾರ 40 ಗಜವನ್ನು ನಾಲ್ಕೂವರೆ ಸೆಕೆಂಡಿನಲ್ಲಿ ಓಡುತ್ತಾನೆ. ಸೆಕೆಂಡಿಗೆ ಸುಮಾರು ಒಂಬತ್ತು ಗಜ. ಆದರೆ ಅದು ನೇರ ಓಟ. ಇವನು ಸೊಂಟ ತಿರುಗಿಸಬೇಕು, ಓರೆಯಾಗಿ ಹಿಂದಕ್ಕೆ ಓಡಬೇಕು, ಮೇಲೆ ನೋಡಬೇಕು. ಬೌಂಡರಿಯಲ್ಲಿ ಅಡ್ಡ ಓಡಿ ಕ್ಯಾಚ್ ಹಿಡಿಯಲು ಹೋದವರಿಗೆ ಇದರ ಕಷ್ಟ ಗೊತ್ತು. ಹೊರಡುವುದು ಅರ್ಧ ಸೆಕೆಂಡ್ ತಡವಾದರೆ ನಾಲ್ಕು ಗಜ ಹೋಯಿತು. ನಾಲ್ಕು ಗಜ ಅಂದರೆ ಚೆಂಡಿಗೆ ಕೈ ಹಾಕುವುದಕ್ಕೂ ಸುಮ್ನೆ ಹಿಂದೆ ಓಡಿಬರುವುದಕ್ಕೂ ಇರುವ ವ್ಯತ್ಯಾಸ.

ಸೇಫ್ಟಿ ಒಳಗೆ ಉಳಿದದ್ದು ಯಾಕೆ? ಎರಡು ಕಾರಣ. ಮೊದಲನೆಯದು ಟುವಾನ ಕಣ್ಣು. ಅವನು ಎಸೆಯಬೇಕಾದ ಕಡೆ ಮೊದಲು ನೋಡಲಿಲ್ಲ. ಬೇರೆ ಕಡೆ ದೃಷ್ಟಿ ಇಟ್ಟು ಸೇಫ್ಟಿಯನ್ನು ಅಲ್ಲಿಯೇ ಕಟ್ಟಿಹಾಕಿದ. ಕವರ್ 2ರಂತೆ ಜಾಗ ಹಂಚಿಕೊಂಡು ಕಾಯುವ ಝೋನ್ ಕವರೇಜ್‌ನಲ್ಲಿ ಕಾವಲುಗಾರರು ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಓದುತ್ತಾರೆ. ಅದೇ ಅವರ ಬಲ, ಅದನ್ನೇ ಅವನು ಬಳಸಿಕೊಂಡ. 0-13 ಹಿಂದೆ ಇದ್ದಾಗ, ಅರ್ಧ ಪಂದ್ಯ ಮುಗಿದ ಮೇಲೆ ಮೈದಾನಕ್ಕೆ ಇಳಿದ 19 ವರ್ಷದ ಹೊಸ ಹುಡುಗ. ಹಿಂದಿನ ಆಟದಲ್ಲಷ್ಟೇ 16 ಗಜ ಕಳೆದುಕೊಂಡವನು. ಅಷ್ಟು ಒತ್ತಡದಲ್ಲಿ ಅಷ್ಟು ತಾಳ್ಮೆ! ನನಗೆ ಇವತ್ತಿಗೂ ಆ ಎಸೆತಕ್ಕಿಂತ ಆ ನೋಟವೇ ದೊಡ್ಡದು ಅನ್ನಿಸುತ್ತದೆ.

ಎರಡನೇ ಕಾರಣ ಆಟದ ರಚನೆಯಲ್ಲೇ ಇದೆ. ನಾಲ್ಕು ವರ್ಟಿಕಲ್‌ನಲ್ಲಿ ಸೇಫ್ಟಿಯ ಪಾಲಿಗೆ ಇಬ್ಬರು ಬರುತ್ತಾರೆ. ಒಬ್ಬ ಹೊರಗೆ, ಒಬ್ಬ ಒಳಗೆ. ಹೊರಗೆ ಹೋದರೆ ಒಳಗಿನವನು ಬಿಡುವು. ಒಳಗೆ ಉಳಿದರೆ ಹೊರಗಿನವನು ಬಿಡುವು. ಒಳಗಿನವನನ್ನು ಲೈನ್‌ಬ್ಯಾಕರ್ ಹಿಂದಕ್ಕೆ ಹೊತ್ತೊಯ್ದರೆ ಮಾತ್ರ ಸೇಫ್ಟಿಗೆ ಧೈರ್ಯವಾಗಿ ಹೊರಗೆ ವಾಲಲು ಆಗುತ್ತದೆ. ಹಾಗಾಗಿ ಸೇಫ್ಟಿಯನ್ನು ದೂರುವ ಮೊದಲು ಅದೇ ಚಿತ್ರದಲ್ಲಿ ಒಳಗಿನ ರಿಸೀವರ್ ಜೊತೆ ಯಾರಿದ್ದಾರೆ ಅಂತಲೂ ನೋಡಿ. ಈ ಒಂದು ನೋಟ ಬಿಟ್ಟರೆ ರೋಗನಿರ್ಣಯ ಅರೆಬರೆ.

ನಿರ್ಣಯ

ಮೂಲ ದೋಷ: ಚೆಂಡು ಕೈ ಬಿಡುವ ಹೊತ್ತಿಗೆ ಸೇಫ್ಟಿ ಬೇಕಾದಷ್ಟು ಅಗಲದಲ್ಲಿ ಇರಲಿಲ್ಲ. ಸಹಕಾರಿ ದೋಷ: ಕಾರ್ನರ್‌ನ ತಡೆ ಸಡಿಲ. ಕಿಡಿ ಹಚ್ಚಿದ್ದು: ಕ್ವಾರ್ಟರ್‌ಬ್ಯಾಕ್‌ನ ಕಣ್ಣು. ಕವರ್ 2 ಆಡಲು ಹೇಳಿದ್ದೇ ತಪ್ಪು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಬ್ಬರನ್ನು ಆಳದಲ್ಲಿಟ್ಟು ಮುಂದಿನ ಜಾಗವನ್ನೂ ಕಾಯುವುದು ಆ ಸ್ಕೋರ್‌ಗೆ ತಕ್ಕದ್ದೇ ಆಗಿತ್ತು.

ಇದೇ ಲಕ್ಷಣ, ಬೇರೆ ರೋಗ

ಕೊನೆಯ ಗಳಿಗೆಯಲ್ಲಿ ಯಾರೂ ಹತ್ತಿರ ಇಲ್ಲದೆ ರಿಸೀವರ್ ಚೆಂಡು ಹಿಡಿದರೆ ಎಲ್ಲ ಕಡೆಯೂ ಇದೇ ಕಾರಣ ಅಂದುಕೊಳ್ಳಬಾರದು. ಒಂದು ವರ್ಷ ಮೊದಲು, 2017ರ ಜನವರಿ 9ರಂದು ಟ್ಯಾಂಪಾದಲ್ಲಿ ಇದೇ ಅಲಬಾಮಾ ಸೋತದ್ದು ನೆನಪಿಸಿಕೊಳ್ಳಿ. ಡೆಶಾನ್ ವಾಟ್ಸನ್ 2 ಗಜದ ಗೆರೆಯಿಂದ ಹಂಟರ್ ರೆನ್‌ಫ್ರೋಗೆ ಎಸೆದ. ಒಂದು ಸೆಕೆಂಡ್ ಉಳಿದಿತ್ತು. ಕ್ಲೆಮ್ಸನ್ 35, ಅಲಬಾಮಾ 31. ಅಲ್ಲಿ ಇದ್ದದ್ದು ಮ್ಯಾನ್ ಕವರೇಜ್. ಇನ್ನೊಬ್ಬ ರಿಸೀವರ್ ಮತ್ತು ಅವನ ಕಾವಲುಗಾರ ದಾರಿಗೆ ಅಡ್ಡ ಬಂದರು. ರೆನ್‌ಫ್ರೋನ ಕಾವಲುಗಾರ ಸಿಕ್ಕಿಹಾಕಿಕೊಂಡ. ಅಲ್ಲಿ ಸೇಫ್ಟಿಯ ಅಗಲ ಅಳೆಯುತ್ತಾ ಕೂತರೆ ಏನೂ ಸಿಗುವುದಿಲ್ಲ. ನೋಡಬೇಕಾದದ್ದು ಇಬ್ಬರು ಕಾವಲುಗಾರರು ತಮ್ಮ ಆಳನ್ನು ಅದಲು ಬದಲು ಮಾಡಿಕೊಳ್ಳಬಹುದಿತ್ತಾ ಅನ್ನುವುದನ್ನು.

ಇನ್ನೊಂದು ಜಾರ್ಜಿಯಾದ್ದೇ. 2013ರ ನವೆಂಬರ್ 16, ಆಬರ್ನ್ ಎದುರು. ಆಬರ್ನ್‌ಗೆ ಫೋರ್ತ್ ಡೌನ್, 18 ಗಜ ಬೇಕು. ನಿಕ್ ಮಾರ್ಷಲ್ ಎಸೆದ ಚೆಂಡಿನ ಹತ್ತಿರ ಜಾರ್ಜಿಯಾದ ಇಬ್ಬರು ಇದ್ದರು. ಇಬ್ಬರೂ ಚೆಂಡಿಗೆ ಹೋದರು. ಚೆಂಡು ಬೆರಳಿಗೆ ತಾಗಿ ಮೇಲಕ್ಕೆ ಪುಟಿದು ರಿಕಾರ್ಡೋ ಲೂಯಿಸ್ ಕೈಗೆ ಬಿತ್ತು. 73 ಗಜದ ಟಚ್‌ಡೌನ್, 43-38. ಅಲ್ಲಿ ಕವರೇಜ್ ಸರಿಯಾಗಿಯೇ ಇತ್ತು. ಕೆಟ್ಟದ್ದು ಕೊನೆಯ ಅರ್ಧ ಸೆಕೆಂಡ್. ಫೋರ್ತ್ ಡೌನ್‌ನಲ್ಲಿ ಚೆಂಡು ಹಿಡಿಯುವ ಆಸೆ ಬಿಟ್ಟು ನೆಲಕ್ಕೆ ಬಡಿಯಬೇಕು. ಔಷಧಿ ಅಷ್ಟೇ.

ಸರಿಪಡಿಸುವುದು

ಅಟ್ಲಾಂಟಾ ದೋಷಕ್ಕೆ ಮೂರು ದಾರಿ ಕಾಣುತ್ತವೆ. ಅತಿ ಸುಲಭದ್ದು ಸೇಫ್ಟಿಯನ್ನು ಸ್ನ್ಯಾಪ್‌ಗೆ ಮೊದಲೇ ಎರಡು ಮೂರು ಗಜ ಹೊರಗೆ, ಇನ್ನೂ ಆಳದಲ್ಲಿ ನಿಲ್ಲಿಸುವುದು. ಆಗ ಕಣ್ಣಿನ ಮೋಸಕ್ಕೆ ಸಿಕ್ಕಿದರೂ ದಾರಿ ಕಡಿಮೆ. ಎರಡನೆಯದು, ಕಾರ್ನರ್‌ಗೆ ಒಂದು ಷರತ್ತು ಕೊಡುವುದು: ಮುಂದಿನ ಜಾಗಕ್ಕೆ ಯಾರೂ ಬರದಿದ್ದರೆ ಅಲ್ಲೇ ನಿಲ್ಲಬೇಡ, ನಿನ್ನನ್ನು ದಾಟಿದವನ ಹಿಂದೆಯೇ ಜಾರು. ನಾಲ್ವರೂ ಆಳಕ್ಕೆ ಓಡುತ್ತಿರುವಾಗ ಖಾಲಿ ಜಾಗ ಕಾಯುವುದರಿಂದ ಏನೂ ಸಿಗುವುದಿಲ್ಲ.

ಮೂರನೆಯದು ಕವರ್ 4. ನಾಲ್ವರು ಓಟಗಾರರಿಗೆ ನಾಲ್ವರು ಕಾವಲು. ಇದರ ಬೆಲೆ ಮುಂದಿನ ಜಾಗ. 12 ಗಜದ ಪಾಸ್ ಸುಲಭವಾಗಿ ಹೋಗುತ್ತದೆ, 46 ಗಜದ ಒದೆತಕ್ಕೆ ಅವಕಾಶ ಆಗುತ್ತದೆ. ಆದರೆ ಅಲಬಾಮಾದ ಕಿಕರ್ ನಿಗದಿತ ಸಮಯದ ಕೊನೆಯಲ್ಲಿ 36 ಗಜದ್ದನ್ನೇ ತಪ್ಪಿಸಿದ್ದ. ಸಮ ಮಾಡಿಕೊಳ್ಳಲಿ, ಪರವಾಗಿಲ್ಲ, ಗೆಲ್ಲಲು ಬಿಡಬಾರದು ಅಂತ ನಾನಾಗಿದ್ದರೆ ಆ ಬೆಲೆ ಕೊಡುತ್ತಿದ್ದೆ. ಇದು ನನ್ನ ಅಭಿಪ್ರಾಯ. ಕವರ್ 2 ತಪ್ಪಲ್ಲ ಅಂತ ಮೇಲೆ ಹೇಳಿದ್ದಕ್ಕೆ ಇದು ವಿರುದ್ಧವೂ ಅಲ್ಲ. ಎರಡೂ ಸರಿ ಇರುವಾಗ ಒಂದನ್ನು ಆರಿಸಬೇಕಾಗುತ್ತದೆ, ಅಲ್ವಾ?

ಸರಿಯಾಯಿತಾ ಅಂತ ಪರೀಕ್ಷಿಸಲು ಮೈದಾನದಲ್ಲಿ ನಾಲ್ವರನ್ನು ನೇರ ಓಡಿಸಿ. ಎಸೆಯುವವನಿಗೆ ಗುಟ್ಟಾಗಿ ಹೇಳಿ, ಬಲಕ್ಕೆ ನೋಡು, ಎಡಕ್ಕೆ ಎಸೆ. ಮುಂದಿನ ಸಲ ಬಲಕ್ಕೆ ನೋಡಿ ಬಲಕ್ಕೇ ಎಸೆಯಲಿ. ಚೆಂಡು ಕೈ ಬಿಟ್ಟ ಕ್ಷಣ ಸೀಟಿ ಊದಿ, ಎಲ್ಲರೂ ಇದ್ದಲ್ಲೇ ನಿಲ್ಲಲಿ. ಸೇಫ್ಟಿಯ ಕಾಲು ಹ್ಯಾಶ್‌ನ ಯಾವ ಕಡೆ ಇದೆ ಅವನೇ ನೋಡಲಿ. ಮಾತಿನಲ್ಲಿ ಹೇಳುವುದಕ್ಕಿಂತ ಅವನ ಕಾಲೇ ಅವನಿಗೆ ಹೇಳಿದರೆ ಬೇಗ ತಿಳಿಯುತ್ತದೆ.

ಇನ್ನೊಂದು ವಿಡಿಯೋ ಹುಡುಕಿ ಇದರ ಪಕ್ಕ ಇಟ್ಟು ನೋಡಿ. 2022ರ ಜನವರಿ 10, ಇಂಡಿಯಾನಾಪೊಲಿಸ್. ಮತ್ತೆ ರಾಷ್ಟ್ರೀಯ ಫೈನಲ್, ಮತ್ತೆ ಅಲಬಾಮಾ, ಜಾರ್ಜಿಯಾ, ಮತ್ತೆ ಸೇಬನ್ ಎದುರು ಸ್ಮಾರ್ಟ್. ಜಾರ್ಜಿಯಾ 26-18 ಮುಂದಿದೆ, ಒಂದು ನಿಮಿಷ ಚಿಲ್ಲರೆ ಉಳಿದಿದೆ. ಅಲಬಾಮಾದ ಬ್ರೈಸ್ ಯಂಗ್ ಸೈಡ್‌ಲೈನ್ ಕಡೆಗೆ ಆಳಕ್ಕೆ ಎಸೆದ. ಈ ಸಲ ಜಾರ್ಜಿಯಾದ ಕಾರ್ನರ್ ಕೀಲೀ ರಿಂಗೊ ರಿಸೀವರ್ ತನ್ನನ್ನು ದಾಟಲು ಬಿಡಲಿಲ್ಲ. ತಿರುಗಿ ನೋಡಿ ಚೆಂಡನ್ನು ತಾನೇ ಹಿಡಿದು 79 ಗಜ ಓಡಿ ಟಚ್‌ಡೌನ್ ಮಾಡಿದ. 33-18. 1980ರ ನಂತರ ಜಾರ್ಜಿಯಾಗೆ ಸಿಕ್ಕ ಮೊದಲ ರಾಷ್ಟ್ರೀಯ ಪಟ್ಟ ಅದು. ಅಲ್ಲೂ ಮೂರನೇ ನಿಲುಗಡೆಯಲ್ಲೇ ನಿಲ್ಲಿಸಿ. ಚೆಂಡು ಕೈ ಬಿಡುತ್ತಿದೆ, ಕಾವಲುಗಾರ ಎಲ್ಲಿದ್ದಾನೆ ನೋಡಿ.